ಮೇಜಿನ ಮೇಲೆ ಗ್ಯಾಂಗು, ಬಾಗಿಲಲ್ಲಿ ಪೊಲೀಸು

1990ರ ಮಾರ್ಚ್ 1ರಂದು ಅಮೆರಿಕದ ಟೆಕ್ಸಾಸ್ ರಾಜ್ಯದ ಆಸ್ಟಿನ್ ನಗರದಲ್ಲಿ ಒಂದು ದಾಳಿ ನಡೆಯಿತು. ದಾಳಿ ಮಾಡಿದವರು ಸೀಕ್ರೆಟ್ ಸರ್ವಿಸ್‌ನವರು. ಅಂದರೆ ಕಳ್ಳನೋಟು ಹಿಡಿಯುವವರು, ಆ ದೇಶದ ಅಧ್ಯಕ್ಷರಿಗೆ ಕಾವಲು ನಿಲ್ಲುವವರು. ಆದರೆ ಅವರು ನುಗ್ಗಿದ್ದು ಕಳ್ಳನೋಟಿನ ಅಡ್ಡೆಗಲ್ಲ, ಮದ್ದುಗುಂಡಿನ ಗೋದಾಮಿಗೂ ಅಲ್ಲ. ಮೇಜಿನ ಸುತ್ತ ಕೂತು ಆಡುವ ಆಟಗಳ ಪುಸ್ತಕ ಪ್ರಕಟಿಸುವ ಸ್ಟೀವ್ ಜಾಕ್ಸನ್ ಗೇಮ್ಸ್ ಎಂಬ ಸಣ್ಣ ಕಂಪನಿಗೆ. ಕಂಪ್ಯೂಟರುಗಳನ್ನು ಹೊತ್ತೊಯ್ದರು. ಅವುಗಳ ಜೊತೆಗೆ ಅಚ್ಚಿಗೆ ಹೋಗಬೇಕಿದ್ದ ಹೊಸ ಪುಸ್ತಕದ ಪ್ರತಿಯೂ ಹೋಯಿತು.

ಆ ಪುಸ್ತಕದ ಹೆಸರು 'ಗರ್ಪ್ಸ್ ಸೈಬರ್‌ಪಂಕ್'. ಬರೆದ ಲಾಯ್ಡ್ ಬ್ಲಾಂಕನ್‌ಶಿಪ್ ಅವರು 'ಲೀಜನ್ ಆಫ್ ಡೂಮ್' ಎಂಬ ನಿಜವಾದ ಹ್ಯಾಕರ್ ಗುಂಪಿನಲ್ಲಿದ್ದವರು. ಟೆಲಿಫೋನ್ ಕಂಪನಿಯೊಂದರಿಂದ ಕದ್ದ ಕಡತದ ಜಾಡು ಹಿಡಿದು ಬಂದಿದ್ದ ಅಧಿಕಾರಿಗಳಿಗೆ ಕೈಗೆ ಸಿಕ್ಕಿದ್ದು ಈ ಆಟದ ಪುಸ್ತಕ. ಕಂಪ್ಯೂಟರ್ ಕಳ್ಳರ ತಂಡ ಹೇಗೆ ಕೆಲಸ ಮಾಡುತ್ತದೆ ಎಂಬ ವಿವರ ಅದರಲ್ಲಿತ್ತು. ಇದು ಕಂಪ್ಯೂಟರ್ ಅಪರಾಧಕ್ಕೆ ಕೈಪಿಡಿ ಎಂದು ಅಧಿಕಾರಿಗಳು ತನಗೆ ಹೇಳಿದರು ಅಂತ ಜಾಕ್ಸನ್ ಆಮೇಲೆ ಬರೆದುಕೊಂಡಿದ್ದಾರೆ. ಆಟ ಕಣ್ರೀ, ಕಥೆ ಕಣ್ರೀ ಎಂದರೆ ಕೇಳುವವರಾರು?

ಜಾಕ್ಸನ್ ಸುಮಾರು ಅರ್ಧದಷ್ಟು ನೌಕರರನ್ನು ಮನೆಗೆ ಕಳಿಸಬೇಕಾಯಿತು. ಹಳೆಯ ಕರಡುಗಳನ್ನು ಹುಡುಕಿ ಪುಸ್ತಕವನ್ನು ಮತ್ತೆ ಬರೆಸಿ ಅದೇ ವರ್ಷ ಹೊರತಂದರು. ಕಂಪನಿಯ ಮೇಲೆ ಒಂದು ಕೇಸೂ ಬೀಳಲಿಲ್ಲ. ಉಲ್ಟಾ ಕಂಪನಿಯೇ ಸರ್ಕಾರದ ಮೇಲೆ ದಾವೆ ಹೂಡಿತು. 1993ರಲ್ಲಿ ನ್ಯಾಯಾಧೀಶ ಸ್ಯಾಮ್ ಸ್ಪಾರ್ಕ್ಸ್ ಸುಮಾರು 50,000 ಡಾಲರ್ ಪರಿಹಾರ ಕೊಡಿಸಿದರು. ವಕೀಲರ ಖರ್ಚು ಅಂತ 2,50,000 ಡಾಲರಿಗೂ ಮೇಲ್ಪಟ್ಟು ಬೇರೆ ಬಂತು. ಮನೆಗೆ ಹೋದ ನೌಕರರಿಗೆ ಇದರಿಂದೇನು ಸಿಕ್ಕಿತು ಎಂದು ಯಾರೂ ಕೇಳಲಿಲ್ಲ ಬಿಡಿ.

ಇಂಥದ್ದು ಅದೇ ಮೊದಲಲ್ಲ. 1980ರಲ್ಲಿ ಟಿಎಸ್‌ಆರ್ ಎಂಬ ಕಂಪನಿ 'ಟಾಪ್ ಸೀಕ್ರೆಟ್' ಎಂಬ ಗೂಢಚಾರರ ಆಟ ತಂದಿತು. ಅದನ್ನು ಆಡಿ ಪರೀಕ್ಷಿಸುತ್ತಿದ್ದ ದಿನಗಳಲ್ಲಿ ಕಂಪನಿಯ ಕಾಗದದ ಮೇಲೆ ಬರೆದ ಕೊಲೆಸಂಚಿನ ಟಿಪ್ಪಣಿಯೊಂದು ಹೊರಗೆ ಬಿದ್ದು, ಎಫ್‌ಬಿಐನವರು ಕಚೇರಿಗೆ ಬಂದು ವಿಚಾರಿಸಿಕೊಂಡು ಹೋದರು. ಆ ಸಂಚು ಆಟದ್ದು.

ಕಾಗದದ ಮೇಲಿನ ಗ್ಯಾಂಗಿಗೆ ಪೊಲೀಸರೇ ಮೋಸ ಹೋದರೆಂದರೆ ಅದನ್ನು ಕಟ್ಟಿದವರ ಕೈವಾಡ ಎಂಥದ್ದಿರಬೇಕು?

ಏನಿದು ಆಟ?

ಕರಾವಳಿ, ಮಲೆನಾಡಿನ ಕಡೆಯವರಿಗೆ ತಾಳಮದ್ದಳೆ ಗೊತ್ತು. ವೇಷವಿಲ್ಲ, ಕುಣಿತವಿಲ್ಲ. ಅರ್ಥಧಾರಿಗಳು ಕೂತಲ್ಲೇ ಕೃಷ್ಣನೂ ಕೌರವನೂ ಆಗಿ ಮಾತಿಗೆ ಮಾತು ಕೊಡುತ್ತಾರೆ. ಈ ಆಟವೂ ಹೆಚ್ಚುಕಮ್ಮಿ ಹಾಗೇ. ನಾಲ್ಕೈದು ಜನ ಮೇಜಿನ ಸುತ್ತ ಕೂತು ತಲೆಗೊಂದು ಪಾತ್ರ ಹಿಡಿಯುತ್ತಾರೆ. ಒಬ್ಬ ಮಾತ್ರ ಭಾಗವತನ ಹಾಗೆ ಇಡೀ ಕಥೆಯನ್ನು ನಡೆಸುತ್ತಾನೆ. ಅವನಿಗೆ ಗೇಮ್ ಮಾಸ್ಟರ್ ಅನ್ನುತ್ತಾರೆ. ಆಟಗಾರರ ಪಾತ್ರಗಳನ್ನು ಬಿಟ್ಟು ಮಿಕ್ಕವರೆಲ್ಲ, ಅಂದರೆ ಶತ್ರು, ಸಾಕ್ಷಿ, ಪೊಲೀಸು, ಹೋಟೆಲ್ ಮಾಣಿ, ಎಲ್ಲರೂ ಅವನ ಬಾಯಿಂದಲೇ ಮಾತಾಡಬೇಕು. ಗೆದ್ದಿತೋ ಸೋತಿತೋ ಎಂಬ ಅನುಮಾನ ಬಂದಲ್ಲಿ ದಾಳ ಉರುಳಿಸುವುದು. ತಾಳಮದ್ದಳೆಯಲ್ಲಿ ಕಡೆಗೆ ಕೌರವ ಸಾಯುವುದು ಎಲ್ಲರಿಗೂ ಗೊತ್ತು. ಇಲ್ಲಿ ಯಾರಿಗೂ ಗೊತ್ತಿಲ್ಲ. ಅಷ್ಟೇ ವ್ಯತ್ಯಾಸ.

'ಡಂಜನ್ಸ್ ಅಂಡ್ ಡ್ರಾಗನ್ಸ್' ಎಂಬ ಹೆಸರಿನಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನ್‌ಸನ್ 1974ರಲ್ಲಿ ಈ ಬಗೆಯ ಮೊದಲ ಆಟವನ್ನು ಅಚ್ಚು ಹಾಕಿಸಿದರು. ಅದರ ಬೇರು ಇನ್ನೂ ಐದು ವರ್ಷ ಹಿಂದಿನದು. 1969ರಲ್ಲಿ ಅಮೆರಿಕದ ಮಿನಿಯಾಪೊಲಿಸ್-ಸೇಂಟ್ ಪಾಲ್ ಅವಳಿ ನಗರದಲ್ಲಿ ಡೇವಿಡ್ ವೆಸ್ಲಿ ಎಂಬಾತ ನೆಪೋಲಿಯನ್ ಕಾಲದ ಯುದ್ಧದಾಟ ಏರ್ಪಡಿಸಿದ. ಬ್ರೌನ್‌ಸ್ಟೈನ್ ಎಂಬ ಕಲ್ಪನೆಯ ಊರು. ಆಡಲು ಬಂದವರಿಗೆಲ್ಲ ಸೇನಾಪತಿ ಪಟ್ಟ ಕೊಡುವಂತಿರಲಿಲ್ಲ. ಒಬ್ಬನನ್ನು ಊರ ಮೇಯರ್ ಮಾಡಿದ, ಇನ್ನೊಬ್ಬನನ್ನು ಬ್ಯಾಂಕಿನವನು, ಮತ್ತೊಬ್ಬನನ್ನು ವಿಶ್ವವಿದ್ಯಾನಿಲಯದ ಮುಖ್ಯಸ್ಥ ಮಾಡಿದ. ಪ್ರತಿಯೊಬ್ಬನಿಗೂ ಬೇರೆ ಬೇರೆ ಗುರಿ. ನೋಡನೋಡುತ್ತಿದ್ದಂತೆ ಎಲ್ಲರೂ ಎದ್ದು ಮೂಲೆ ಮೂಲೆಗೆ ಹೋಗಿ ಗುಸುಗುಸು ಸಂಧಾನ ಶುರುಮಾಡಿದರು. ಆಟ ಕೆಟ್ಟಿತು ಅಂದುಕೊಂಡ ವೆಸ್ಲಿ. ಬಂದವರು ಮಾತ್ರ ಇದೇ ಬೇಕು, ಇನ್ನೊಂದಾಡಿಸು ಅಂದರು.

ಮುಂದೆ ಅವನು ನಡೆಸಿದ ಒಂದು ಆಟ ಈ ಕಾಲದ್ದೇ. ಲ್ಯಾಟಿನ್ ಅಮೆರಿಕದ ಒಂದು ಪುಟ್ಟ ದೇಶ, ಕ್ಷಿಪ್ರಕ್ರಾಂತಿಯ ಅಂಚಿನಲ್ಲಿದೆ. ಆರ್ನ್‌ಸನ್ ಪಾತ್ರ ಕ್ರಾಂತಿಯ ಕರಪತ್ರ ಹಂಚುವವನದು. ಆತ ತಾನು ಸಿಐಎಯವನೆಂದು ಮಿಕ್ಕವರನ್ನು ನಂಬಿಸಿ ಕೆಲಸ ಸಾಧಿಸಿಕೊಂಡ. ದಾಳದಿಂದ ಗೆದ್ದದ್ದಲ್ಲ ಅದು, ಮಾತಿನಿಂದ ಗೆದ್ದದ್ದು.

ಇಷ್ಟು ಪುರಾಣ ಯಾಕೆಂದರೆ, ತಂಡ ಕಟ್ಟುವ ಗುಟ್ಟು ಆ ಬ್ರೌನ್‌ಸ್ಟೈನ್ ಊರಲ್ಲೇ ಇದೆ. ಊರೆಂದರೆ ಒಬ್ಬೊಬ್ಬನಿಗೆ ಒಂದೊಂದು ಬೇಕು.

ಒಬ್ಬನೇ ವಿಲನ್ ಸಾಲದು

ಗೇಮ್ ಮಾಸ್ಟರ್ ಕೆಲಸಕ್ಕೆ ಹೊಸಬರಾದವರು ಮೊದಲು ಮಾಡುವುದು ಒಬ್ಬ ಭಾರಿ ವಿಲನ್‌ನನ್ನು. ಸಿನಿಮಾದ ಪ್ರಭಾವ. ಆದರೆ ಸಿನಿಮಾದಲ್ಲಿ ಹೀರೋ ಒಬ್ಬ. ಮೇಜಿನ ಈಚೆ ನಾಲ್ಕು ಜನ ಇದ್ದಾರೆ. ನಾಲ್ವರೂ ಒಂದೊಂದು ಏಟು ಕೊಟ್ಟರೆ ಆರು ತಿಂಗಳು ಯೋಚಿಸಿ ಮಾಡಿದ ವಿಲನ್ ಅರ್ಧ ಗಂಟೆಯಲ್ಲಿ ಖಲಾಸ್. ಆದ್ದರಿಂದ ತಂಡ ಬೇಕು.

ಅದರಲ್ಲೂ ಈ ಕಾಲದ ಕಥೆಗೆ ತಂಡ ಕಟ್ಟುವುದು ರಾಕ್ಷಸರ ಗುಂಪು ಕಟ್ಟಿದ ಹಾಗಲ್ಲ. ಗುಹೆಯಲ್ಲಿ ರಾಕ್ಷಸ ಸತ್ತರೆ ಪಂಚನಾಮೆ ಇಲ್ಲ. ಪೇಟೆಯಲ್ಲಿ ಒಬ್ಬ ಬಿದ್ದರೆ ಎಫ್‌ಐಆರ್ ಇದೆ, ಸಿಸಿ ಕ್ಯಾಮೆರಾ ಇದೆ, ಮೊಬೈಲ್ ಟವರ್ ಇದೆ, ಮರುದಿನದ ಪೇಪರ್ ಇದೆ. ಹಾಗಾಗಿ ಆಟಗಾರರು ಕತ್ತಿ ಎತ್ತುವ ಮುಂಚೆ ಮಾತಾಡುತ್ತಾರೆ, ಹಿಂಬಾಲಿಸುತ್ತಾರೆ, ಲೆಕ್ಕದ ಪುಸ್ತಕ ನೋಡುತ್ತಾರೆ. ಎದುರು ತಂಡದಲ್ಲಿ ಮಾತಾಡಿಸಲು ಯೋಗ್ಯರಾದ ಮನುಷ್ಯರಿಲ್ಲದಿದ್ದರೆ ಆಟ ಅಲ್ಲಿಗೇ ನಿಂತಿತು.

ಬೆಂಗಳೂರಿನಲ್ಲಿ ಈ ಆಟವಾಡುವ ಗುಂಪುಗಳಿವೆ. ಅವರ ಕೈಯಲ್ಲಿರುವುದು ಹೆಚ್ಚಾಗಿ ಅಮೆರಿಕದ, ಇಂಗ್ಲೆಂಡಿನ ಪುಸ್ತಕಗಳು. ಅವುಗಳ ಎಫ್‌ಬಿಐ, ಮಾಫಿಯಾ ಇಲ್ಲಿ ಯಾರ ಮೈಗೂ ಹತ್ತುವುದಿಲ್ಲ. ಇಲ್ಲಿಯದೇ ಬೇಕೆಂದರೆ ಇಲ್ಲಿಯದನ್ನೇ ನೋಡಬೇಕು. 2016ರಲ್ಲಿ ದ್ವಿತೀಯ ಪಿಯುಸಿ ರಸಾಯನಶಾಸ್ತ್ರದ ಪ್ರಶ್ನೆಪತ್ರಿಕೆ ಸೋರಿತು, ಮರುಪರೀಕ್ಷೆಗೆ ಇಟ್ಟಿದ್ದ ಪತ್ರಿಕೆಯೂ ಸೋರಿತು. ಆ ಬೇಸಿಗೆಯಲ್ಲಿ ಓದುವ ಮಕ್ಕಳಿದ್ದ ಮನೆಯವರಾರೂ ಅದನ್ನು ಮರೆತಿಲ್ಲ. ಆ ಪ್ರಕರಣದ ನಿಜವಾದ ಆರೋಪಿಗಳ ಸುದ್ದಿ ಇಲ್ಲಿ ಬೇಡ. ಆದರೆ ಪ್ರಶ್ನೆಪತ್ರಿಕೆ ಸೋರಿಸುವ ಒಂದು ಕಲ್ಪನೆಯ ತಂಡ ಕಟ್ಟುವುದಾದರೆ ಹೇಗೆ?

ಐದು ಜನ ಸಾಕು. ಹತ್ತು ಮಾಡಿದರೆ ಗೇಮ್ ಮಾಸ್ಟರಿಗೇ ಹೆಸರು ನೆನಪಿರುವುದಿಲ್ಲ.

ತಲೆ ಓಡಿಸುವವರು ಒಬ್ಬ ಟ್ಯುಟೋರಿಯಲ್ ಮೇಷ್ಟ್ರು. ಹೋದ ವರ್ಷ ರಿಸಲ್ಟ್ ಬಿದ್ದು ಅರ್ಧ ಹುಡುಗರು ಎದುರು ಬೀದಿಯ ಟ್ಯುಟೋರಿಯಲ್‌ಗೆ ಹೋಗಿದ್ದಾರೆ, ಮಹಡಿ ಕಟ್ಟಿಸಿದ ಸಾಲ ಹಾಗೇ ಇದೆ. ಕೈ ಬದಲಿಸುವವನು ಒಬ್ಬ ಬ್ರೋಕರ್. ಯಾವ ಆಫೀಸಿನಲ್ಲಿ ಯಾವ ಕೆಲಸಕ್ಕೆ ಎಷ್ಟು ಎಂಬುದು ಅವನಿಗೆ ಬಾಯಿಪಾಠ. ಪ್ರಶ್ನೆಪತ್ರಿಕೆ ಬಂದಿಳಿಯುವುದು ಖಜಾನೆಗೆ. ಅಲ್ಲಿ ಒಬ್ಬ ಜವಾನ. ಮಗಳ ಮದುವೆಗೆ ಅದೇ ಬ್ರೋಕರ್ ಹತ್ತಿರ ಸಾಲ ಮಾಡಿದ್ದಾನೆ. ಪ್ರತಿ ತೆಗೆಯಲು ಜೆರಾಕ್ಸ್ ಅಂಗಡಿಯ ಹೆಂಗಸು. ಗಂಡ ತೀರಿಹೋದ ಮೇಲೆ ಅಂಗಡಿ ನಡೆಸುತ್ತಿರುವವಳು, ಯಾವ ಕಾಗದ ಎಂದು ಓದಿ ನೋಡುವ ಅಭ್ಯಾಸವಿಲ್ಲ. ಕೊನೆಗೆ ಅವಳ ಮಗ. ವಾಟ್ಸಾಪಿನಲ್ಲಿ ಗಿರಾಕಿ ಹಿಡಿಯುವವನು. ಮಗ ಈ ದಂಧೆಯಲ್ಲಿದ್ದಾನೆ ಎಂಬುದು ತಾಯಿಗೆ ಗೊತ್ತಿಲ್ಲ.

ಈಗ ನೋಡಿ, ಇನ್ನೂ ಒಂದು ದಾಳವೂ ಉರುಳಿಲ್ಲ, ಆಗಲೇ ತಂಡದಲ್ಲಿ ಬಿರುಕಿದೆ. ಜವಾನನಿಗೆ ಸಾಲ ತೀರಿದರೆ ಸಾಕು, ದುಡ್ಡು ಬೇಕಿಲ್ಲ. ಮೇಷ್ಟ್ರಿಗೆ ಮರ್ಯಾದೆ ಬೇಕು. ಬ್ರೋಕರಿಗೆ ಮೇಷ್ಟ್ರನ್ನು ಕಂಡರಾಗದು. ಹುಡುಗ ತನ್ನ ಸ್ನೇಹಿತನಿಗೆ ಬಿಟ್ಟಿ ಕಳಿಸಿಬಿಟ್ಟರೆ ಎಲ್ಲರ ವ್ಯಾಪಾರವೂ ಮುಳುಗಿತು. ಆಟಗಾರರು ಯಾವ ಎಳೆ ಹಿಡಿದು ಜಗ್ಗಿದರೂ ಇನ್ನೊಂದು ಕಡೆ ಅಲುಗಾಡುತ್ತದೆ. ಆಳು ಎಷ್ಟು ಬಲಶಾಲಿ, ಎಷ್ಟು ಚುರುಕು ಎಂಬ ಅಂಕಿಗಳನ್ನು ಐವರಿಗೂ ಬರೆದುಕೊಳ್ಳುವ ಪರಿಪಾಠ ಕೆಲವರಲ್ಲಿದೆ. ಓಡುವವನಿಗೂ ಹೊಡೆಯುವವನಿಗೂ ಬರೆದರೆ ಸಾಲದೆ? ಜೆರಾಕ್ಸ್ ಅಂಗಡಿಯ ಹೆಂಗಸು ಎಷ್ಟು ಕೆಜಿ ಎತ್ತುತ್ತಾಳೆ ಎಂಬುದು ಯಾರಿಗೆ ಬೇಕು?

ಅಂಕಿಗಿಂತ ಮುಖ್ಯ ದನಿ. ಐದು ಜನರಿಗೂ ಇರುವುದು ಗೇಮ್ ಮಾಸ್ಟರನ ಒಂದೇ ಗಂಟಲು. ಒಬ್ಬೊಬ್ಬನಿಗೆ ಒಂದೊಂದು ಚಾಳಿ ಕೊಟ್ಟರೆ ಆಟಗಾರರು ತಕ್ಷಣ ಗುರುತಿಸುತ್ತಾರೆ. ಮೇಷ್ಟ್ರು ಪ್ರಶ್ನೆಗೆ ಪ್ರಶ್ನೆಯನ್ನೇ ಹಾಕುತ್ತಾರೆ. ಜವಾನ ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡುತ್ತಾನೆ, ಅದೂ ಅರ್ಧ. ಸಬ್‌ಇನ್ಸ್‌ಪೆಕ್ಟರ್ ಪಾತ್ರ ಹಿಡಿದ ಹುಡುಗಿ ಅವನನ್ನು ವಿಚಾರಿಸುತ್ತಾಳೆ ಅಂತಿಟ್ಟುಕೊಳ್ಳಿ:

"ಏನಪ್ಪಾ, ಆ ರೂಮಿನ ಕೀ ಯಾರ ಹತ್ರ ಇರುತ್ತೆ?"

"ಸಾಹೇಬ್ರ ಹತ್ರ ಮೇಡಂ. ನಂದೇನಿದ್ರೂ ಕಸ ಹೊಡ್ಯೋದು, ಟೀ ತರೋದು."

"ಸಾಹೇಬ್ರು ಊಟಕ್ಕೆ ಹೋದಾಗ?"

"ಊಟಕ್ಕೆ ಹೋದಾಗ... ಊಟಕ್ಕೆ ಹೋಗಿರ್ತಾರೆ ಮೇಡಂ."

ಇಷ್ಟೇ ಸಾಕು. ಕೀ ಎಲ್ಲಿರುತ್ತದೆ ಎಂದು ಮೇಜಿನ ಸುತ್ತ ಕೂತವರಿಗೆಲ್ಲ ಅರ್ಥವಾಯಿತು.

ಇನ್ನೊಂದು ಸಂಗತಿ. ಆಟಗಾರರು ಬರುವ ತನಕ ತಂಡ ಕೈಕಟ್ಟಿ ಕೂತಿರಬಾರದು. ವಿನ್ಸೆಂಟ್ ಬೇಕರ್ ಎಂಬಾತ 2010ರಲ್ಲಿ ತಂದ 'ಅಪೋಕ್ಯಾಲಿಪ್ಸ್ ವರ್ಲ್ಡ್' ಆಟದಲ್ಲಿ ಇದಕ್ಕೆ ಗಡಿಯಾರ ಬರೆದಿಟ್ಟುಕೊಳ್ಳುವ ಪದ್ಧತಿಯಿದೆ. ಯಾರೂ ತಡೆಯದಿದ್ದರೆ ಮೊದಲು ಏನಾಗುತ್ತದೆ, ಆಮೇಲೆ ಏನು ಎಂದು ಮುಳ್ಳು ಸರಿಯುತ್ತಾ ಹೋಗುತ್ತದೆ. ಪ್ರಶ್ನೆಪತ್ರಿಕೆ ತಂಡಕ್ಕಂತೂ ಗಡಿಯಾರ ತಾನಾಗಿಯೇ ಇದೆ. ಪರೀಕ್ಷೆಗೆ ಮೂರು ದಿನ. ಮೊದಲ ರಾತ್ರಿ ಪತ್ರಿಕೆ ಹೊರಗೆ, ಎರಡನೇ ದಿನ ಜೆರಾಕ್ಸ್, ಮೂರನೇ ರಾತ್ರಿ ಮೊಬೈಲ್. ಆಟಗಾರರು ಹೋಟೆಲ್‌ನಲ್ಲಿ ಕೂತು ಕಾಫಿ ಕುಡಿದರೂ ಅದು ನಡೆದೇ ನಡೆಯುತ್ತದೆ.

ತಂಡದ ಮೇಲೆ ತಂಡ ಬೇಕೆನ್ನುವವರಿಗೆ ಕೆನೆತ್ ಹೈಟ್ 2012ರಲ್ಲಿ ಬರೆದ 'ನೈಟ್ಸ್ ಬ್ಲ್ಯಾಕ್ ಏಜೆಂಟ್ಸ್' ಇದೆ. ಗೂಢಚಾರರು ರಕ್ತಪಿಶಾಚಿಗಳ ಬೆನ್ನು ಹತ್ತುವ ಕಥೆ. ಪಿಶಾಚಿ ವಿಚಾರ ಹಾಗಿರಲಿ, ಅದರಲ್ಲಿ ಸಂಚನ್ನು ಗೋಪುರದ ಹಾಗೆ ಕಟ್ಟಿದ್ದಾರೆ. ಕೆಳ ಅಂತಸ್ತಿನಲ್ಲಿ ಬೀದಿ ರೌಡಿಗಳು, ಮೇಲೆ ಹೋದಂತೆಲ್ಲ ದೊಡ್ಡವರು, ತುದಿಯಲ್ಲಿ ಒಬ್ಬ. ಕೆಳಗಿನವನನ್ನು ಹಿಡಿದರೆ ಅವನಿಗೆ ಮೇಲಿನವನ ದಾರಿಯಷ್ಟೇ ಗೊತ್ತಿರುತ್ತದೆ. ಇದಕ್ಕೆ ಹೊರದೇಶದ ಪುಸ್ತಕ ಬೇಕಿತ್ತೆ, ಇಲ್ಲಿಯ ಯಾವ ಹೆಡ್ ಕಾನ್‌ಸ್ಟೆಬಲ್‌ನನ್ನು ಕೇಳಿದರೂ ಹೇಳುತ್ತಿರಲಿಲ್ಲವೆ ಎಂದರೆ, ಹೇಳುತ್ತಿದ್ದರು. ಬರೆದಿಟ್ಟವರು ಅವರು, ಅಷ್ಟೆ.

ಹೆಸರು, ಜಾತಿ ಎಚ್ಚರ

ಇಲ್ಲಿಯದೇ ತಂಡ ಕಟ್ಟುವುದರಲ್ಲಿ ಒಂದು ಅಪಾಯವಿದೆ. ಸ್ವಾರಸ್ಯಕ್ಕೆಂದು ಊರಿನ ನಿಜವಾದ ಮನುಷ್ಯನ ಹೆಸರೋ ಅಂಗಡಿ ಬೋರ್ಡೋ ತಂದು ಕೂರಿಸಿದರೆ ಅದು ಆಟವಲ್ಲ, ಚಾಡಿ. ಮೇಜಿನ ಮೇಲಿನ ಕಾಗದ ಯಾರದೋ ಮೊಬೈಲಿಗೆ ಫೋಟೋ ಆಗಿ ಹೋಗಿ, ಅಲ್ಲಿಂದ ಹತ್ತು ಗ್ರೂಪಿಗೆ ಹಾರಿದರೆ, ಕಥೆ ಎಂಬ ಮಾತು ಮಾತ್ರ ಅದರ ಜೊತೆ ಹೋಗುವುದಿಲ್ಲ. ಆಸ್ಟಿನ್‌ನವರಿಗೆ ಕೋರ್ಟಿನಲ್ಲಿ ನ್ಯಾಯ ಸಿಗಲು ಮೂರು ವರ್ಷ ಹಿಡಿಯಿತು. ಹೆಸರು ಕೆಟ್ಟ ಜೆರಾಕ್ಸ್ ಅಂಗಡಿಯವಳೊಬ್ಬಳು ಎಷ್ಟು ವರ್ಷ ಕಾಯಬೇಕೋ.

ಅದಕ್ಕಿಂತ ಕೆಟ್ಟದ್ದು ಇನ್ನೊಂದು. ಹೆಸರು ಇಡುವಾಗ ಕೈ ತಾನಾಗಿಯೇ ಒಂದು ಕಡೆ ಹೋಗುತ್ತದೆ. ಕಳ್ಳನಿಗೆ ಒಂದು ಕೇರಿಯ ಹೆಸರು, ಗೂಂಡನಿಗೆ ಒಂದು ಧರ್ಮದ ಹೆಸರು, ಮೇಷ್ಟ್ರಿಗೆ ಮತ್ತೊಂದು ಜಾತಿಯ ಹೆಸರು. ಯಾರೂ ಬೇಕೆಂದು ಮಾಡಿದ್ದಲ್ಲ, ಸಿನಿಮಾ ಕಲಿಸಿದ್ದು. ಮೇಜಿನ ಸುತ್ತ ಕೂತವರಲ್ಲಿ ಆ ಕೇರಿಯ ಹುಡುಗನೂ ಇರಬಹುದು. ಅವನು ಏನೂ ಹೇಳುವುದಿಲ್ಲ, ಮುಂದಿನ ವಾರ ಬರುವುದಿಲ್ಲ. ಇದಕ್ಕೆ ಸುಲಭದ ಉಪಾಯ ಕೆಲಸದಿಂದಲೇ ಕರೆಯುವುದು: ಮೇಷ್ಟ್ರು, ಜವಾನ, ಬ್ರೋಕರ್. ನಿಜ ಜೀವನದಲ್ಲೂ ಅರ್ಧ ಊರು ಹಾಗೇ ಕರೆಯುತ್ತದೆ.

ಗೇಮ್ ಮಾಸ್ಟರ್ ಎಷ್ಟೇ ಲೆಕ್ಕ ಹಾಕಿದರೂ ಆಟಗಾರರು ಬೇರೆಯೇ ದಾರಿ ಹಿಡಿಯುವುದುಂಟು. ಜವಾನನನ್ನು ಹಿಡಿಯಲೆಂದು ಹೊರಟವರು ಅವನ ಮಗಳ ಮದುವೆ ಸಾಲದ ಕಥೆ ಕೇಳಿ, ಬ್ರೋಕರ್ ಹತ್ತಿರವಿರುವ ಪ್ರಾಮಿಸರಿ ನೋಟು ಕದಿಯಲು ಹೊರಟರೆ ಆಶ್ಚರ್ಯಪಡಬೇಕಿಲ್ಲ. ಆಗ ಗೇಮ್ ಮಾಸ್ಟರ್ ಅಡ್ಡ ಬರಬಾರದು. ಬ್ರೋಕರನ ಮನೆ ಎಲ್ಲಿದೆ, ಬೀರು ಯಾವುದು, ರಾತ್ರಿ ಯಾರಿರುತ್ತಾರೆ ಎಂದು ತಕ್ಷಣ ಹೇಳಲು ತಯಾರಿರಬೇಕು.

ತಂಡಕ್ಕೊಂದು ಪುಟದಂತೆ ನೋಟ್‌ಬುಕ್ ಇಟ್ಟುಕೊಂಡರೆ ಅನುಕೂಲ. ಸಿಕ್ಕಿಬಿದ್ದವರ ಹೆಸರಿನ ಮೇಲೆ ಗೆರೆ ಎಳೆಯುವುದು, ಉಳಿದವರಿಗೆ ಹೊಸ ಕೆಲಸ ಹುಡುಕುವುದು. ಮೇಷ್ಟ್ರು ಸಸ್ಪೆಂಡ್ ಆಗುವ ನೌಕರಿಯಲ್ಲಿಲ್ಲ, ಬೇರೆ ಊರಲ್ಲಿ ಬೋರ್ಡು ಹಾಕುತ್ತಾರೆ. ಹುಡುಗ ಪರೀಕ್ಷೆಗೆ ಮತ್ತೆ ಕಟ್ಟುತ್ತಾನೆ. ಬ್ರೋಕರ್ ಮಾತ್ರ ಹೇಗೋ ತಪ್ಪಿಸಿಕೊಂಡಿರುತ್ತಾನೆ. ಮುಂದಿನ ಭಾನುವಾರದ ಆಟಕ್ಕೆ ಅವನು ಬೇಕಲ್ಲ.