ಪೊಟ್ಟಣದ ಗುಳಿಗೆಗೆ ಹೆಸರಿರಲಿ

ತಾಂಡೂರಿನಲ್ಲಿ ತೊಗರಿ ರಾಶಿ, ಜಹೀರಾಬಾದಿನಲ್ಲಿ ಕಬ್ಬಿನ ಕಟಾವು, ನಾರಾಯಣಖೇಡದಲ್ಲಿ ಹತ್ತಿ ಬಿಡಿಸುವುದು. ಯಾವ ಕೆಲಸವಾದರೂ ಸಂಜೆಗೆ ಸೊಂಟ, ಮೊಣಕಾಲು ಹಿಡಿಯುತ್ತವೆ. “ನೋವಿಗೆ ಏನಾದರೂ ಕೊಡಿ” ಎಂದರೆ ಹೆಸರಿಲ್ಲದ ಪೊಟ್ಟಣದಲ್ಲಿ ಬಿಡಿ ಗುಳಿಗೆಗಳು ಸಿಗುತ್ತವೆ. ಎರಡೇ ದಿನಕ್ಕೆ ನೋವು ಮಾಯ. ಕೆಲವು ತಿಂಗಳಲ್ಲಿ ಮುಖ ದುಂಡಗಾಗುತ್ತದೆ. ನೆರೆಯವರು “ಮೈ ಹಿಡಿದಿದೆ” ಎಂದು ಮೆಚ್ಚುತ್ತಾರೆ!

ಅಂಥ ಪೊಟ್ಟಣದಲ್ಲಿ ಪ್ರೆಡ್ನಿಸೊಲೋನ್, ಡೆಕ್ಸಾಮೆಥಸೋನ್‌ನಂಥ ಸ್ಟೀರಾಯ್ಡ್ ಇರಬಹುದು. ಇವು ಕೆಟ್ಟ ಔಷಧಿಗಳೇನಲ್ಲ. 1948ರಲ್ಲಿ ಅಮೆರಿಕದ ವೈದ್ಯ ಹೆಂಚ್ ಸಂಧಿವಾತದ ರೋಗಿಗೆ ಕಾರ್ಟಿಸೋನ್ ಕೊಟ್ಟು ಅಚ್ಚರಿಯ ಗುಣ ಕಂಡರು. 1950ರಲ್ಲಿ ಅವರಿಗೂ ಅವರ ಸಂಗಡಿಗರಿಗೂ ನೊಬೆಲ್ ಬಂತು. ಆದರೆ ವೈದ್ಯರ ನಿಗಾ ಇಲ್ಲದೆ ಬಹುಕಾಲ ನುಂಗಿದರೆ ಹೊಟ್ಟೆ ಬರುತ್ತದೆ, ಚರ್ಮ ತೆಳುವಾಗಿ ನೇರಳೆ ಗೆರೆ ಮೂಡುತ್ತವೆ, ಸಕ್ಕರೆ ಮತ್ತು ರಕ್ತದೊತ್ತಡ ಏರುತ್ತವೆ, ಮೂಳೆ ಸವೆಯುತ್ತದೆ. ಇದಕ್ಕೆ ಕುಶಿಂಗ್ ರೋಗಲಕ್ಷಣ ಎನ್ನುತ್ತಾರೆ.

ಆಸ್ಪತ್ರೆಯಲ್ಲಿ ಪ್ರತಿ ಕಾಯಿಲೆಗೂ ಒಂದು ಸಂಕೇತ ಸಂಖ್ಯೆಯುಂಟು. ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-10 ಪಟ್ಟಿಯಲ್ಲಿ ಔಷಧಿಯಿಂದ ಬಂದ ಕುಶಿಂಗ್‌ಗೆ ಇ24.2, ಕಾರಣವಾದ ಸ್ಟೀರಾಯ್ಡನ್ನು ಸೂಚಿಸಲು ವೈ42.0. ಸಂಕೇತ ಹಾಕುವ ಗುಮಾಸ್ತರು ರೋಗಿಯನ್ನು ನೋಡುವುದಿಲ್ಲ, ವೈದ್ಯರು ಬರೆದ ಕಾಗದ ನೋಡುತ್ತಾರೆ. ನಾವು ಪೊಟ್ಟಣದ ಸಂಗತಿ ಮುಚ್ಚಿಟ್ಟರೆ ಅಲ್ಲಿ ‘ಸಕ್ಕರೆ ಕಾಯಿಲೆ’, ‘ಬೊಜ್ಜು’ ಎಂದಷ್ಟೇ ಬೀಳಬಹುದು. ಮೂಲ ಕಾರಣ ಮನೆಯ ಗೂಡಿನಲ್ಲೇ ಉಳಿಯುತ್ತದೆ. ಬಯ್ಯುತ್ತಾರೆಂಬ ಅಂಜಿಕೆ ನನಗೆ ಅರ್ಥವಾಗುತ್ತದೆ. ಆದರೂ ಹೇಳಿಬಿಡಿ.

ಇದನ್ನು ಓದಿ ಹೆದರಿ ಗುಳಿಗೆಯನ್ನು ನಾಳೆಯೇ ಬಿಟ್ಟುಬಿಡಬೇಡಿ! ಮೂತ್ರಪಿಂಡದ ಮೇಲೆ ಕುಳಿತಿರುವ ಅಡ್ರಿನಲ್ ಗ್ರಂಥಿ ಇಂಥದೇ ಹಾರ್ಮೋನನ್ನು ತಾನೇ ತಯಾರಿಸುತ್ತದೆ. ಹೊರಗಿನಿಂದ ಸಿಗುತ್ತಿದ್ದರೆ ಅದು ಕೆಲಸ ನಿಲ್ಲಿಸಿ ಮಲಗಿರುತ್ತದೆ. ಥಟ್ಟನೆ ಬಿಟ್ಟರೆ ವಾಂತಿ, ನಿಶ್ಶಕ್ತಿ, ರಕ್ತದೊತ್ತಡ ಕುಸಿತ. ಜ್ವರ ಅಥವಾ ಆಪರೇಶನ್ ಸಮಯದಲ್ಲಾದರೆ ಜೀವಕ್ಕೇ ಅಪಾಯ. ಅದಕ್ಕೆ ಬೇರೆಯೇ ಸಂಕೇತ, ಇ27.3. ವೈದ್ಯರು ಪ್ರಮಾಣವನ್ನು ಹಂತ ಹಂತವಾಗಿ ಇಳಿಸುತ್ತಾರೆ.

ಬೀದರಿಗೆ ಹೋಗಿ, ಹೈದರಾಬಾದಿಗೆ ಹೋಗಿ, ಉಳಿದ ಗುಳಿಗೆ, ಹಳೆಯ ಚೀಟಿ, ಖಾಲಿ ಪಟ್ಟಿ ಎಲ್ಲವನ್ನೂ ಒಯ್ಯಿರಿ. ಎಷ್ಟು ತಿಂಗಳಿಂದ, ದಿನಕ್ಕೆ ಎಷ್ಟು ಎಂದು ತಿಳಿಸಿ. ಬಿಡುಗಡೆ ಚೀಟಿಯಲ್ಲಿ ಆ ಔಷಧಿಯ ಹೆಸರು ಬರೆದಿದೆಯೇ ಎಂದು ಓದಬಲ್ಲ ಮಕ್ಕಳಿಂದ ನೋಡಿಸಿ. ಇಲ್ಲದಿದ್ದರೆ ಅಲ್ಲೇ ಕೇಳಿ ಬರೆಸಿಕೊಳ್ಳಿ.