ಮೆದುಳಿನ ನಕ್ಷೆಯಲ್ಲಿ ಮನೆಮಾತು

ತಮಿಳುನಾಡಿನ ತೇನಿ, ಕಂಬಂ ಕಣಿವೆ, ದಿಂಡಿಗಲ್ ಸೀಮೆಯ ಕಾಪ್ಪಿಲಿಯರು, ಅನುಪ್ಪರು ಮುಂತಾದವರ ಎಷ್ಟೋ ಮನೆಗಳಲ್ಲಿ ಒಲೆಯ ಮುಂದಿನ ಮಾತು ಕನ್ನಡ. ಹೊಸಿಲು ದಾಟಿದರೆ ತಮಿಳು, ಓದುಬರಹವೂ ತಮಿಳೇ. ಇಂಥವರೊಬ್ಬರಿಗೆ ಮೆದುಳಿನ ಎಡಭಾಗದಲ್ಲಿ, ಮಾತಿನ ನೆಲೆಗೆ ತಾಗಿಕೊಂಡೇ ಗೆಡ್ಡೆ ಬೆಳೆದರೆ ಶಸ್ತ್ರವೈದ್ಯರು ಯಾವ ಮಾತನ್ನು ಕಾಯಬೇಕು? ಎರಡನ್ನೂ ಅನ್ನುವುದು ಸುಲಭ. ಆದರೆ ಸಾಮಾನ್ಯ ಎಂಆರ್‌ಐ ಗೆಡ್ಡೆ ಎಲ್ಲಿದೆ ಎಂದು ಹೇಳೀತೇ ಹೊರತು ಮಾತು ಎಲ್ಲಿದೆ ಎಂದು ಹೇಳದು. ಅದಕ್ಕೆ ಫಂಕ್ಷನಲ್ ಎಂಆರ್‌ಐ ಬೇಕು. ರೋಗಿ ಯಂತ್ರದೊಳಗೆ ಮಲಗಿ ಮನಸ್ಸಿನಲ್ಲೇ ಪದಗಳನ್ನು ನೆನೆಯುವಾಗ ದುಡಿಯುವ ಜಾಗಕ್ಕೆ ಆಮ್ಲಜನಕ ತುಂಬಿದ ರಕ್ತ ಹೆಚ್ಚು ಹರಿಯುತ್ತದೆ. ಯಂತ್ರ ಹಿಡಿಯುವುದು ಆ ಏರಿಳಿತವನ್ನು. ಇನ್ನೊಂದು ಬಗೆಯ ಸ್ಕ್ಯಾನ್, ನೀರಿನ ಕಣಗಳು ಸರಿಯುವ ದಿಕ್ಕು ನೋಡಿ ನರತಂತುಗಳ ಹಾದಿಯನ್ನು ಅಂದಾಜು ಮಾಡುತ್ತದೆ. ಕಂಪ್ಯೂಟರು ಇವೆಲ್ಲವನ್ನೂ ಒಂದರ ಮೇಲೊಂದು ಕೂರಿಸಿ ಆ ಒಬ್ಬ ರೋಗಿಯದೇ ಮಾದರಿಯನ್ನು ಕಟ್ಟುತ್ತದೆ.

ಆದರೆ ಕೇಳಿದ ಪ್ರಶ್ನೆಗೆ ಮಾತ್ರ ಆ ಮಾದರಿ ಉತ್ತರ ಕೊಡುತ್ತದೆ. ತಮಿಳಿನಲ್ಲಷ್ಟೇ ಪರೀಕ್ಷಿಸಿದರೆ ಕನ್ನಡದ ಜಾಗ ಪರದೆಯಲ್ಲಿ ಖಾಲಿ ನೆಲದಂತೆ ಕಂಡೀತು. 1978ರಲ್ಲಿ ಸಂಶೋಧಕರಾದ ಓಜೆಮನ್ ಮತ್ತು ವಿಟೇಕರ್ ಎರಡು ಭಾಷೆ ಬಲ್ಲ ರೋಗಿಗಳ ಮೆದುಳನ್ನು ವಿದ್ಯುತ್ತಿನಿಂದ ಮುಟ್ಟಿ ನೋಡಿದಾಗ, ಕೆಲವು ಕಡೆ ಎರಡೂ ಭಾಷೆ ತಡವರಿಸಿದವು, ಕೆಲವು ಕಡೆ ಒಂದು ಮಾತ್ರ. ಕನ್ನಡ, ತಮಿಳು ಒಂದೇ ಬಳ್ಳಿಯವಲ್ಲವೇ, ಒಂದರ ಪರೀಕ್ಷೆ ಸಾಲದೇ ಎನ್ನಬಹುದು. ಹಾಲು, ಪಾಲ್ ನೆಂಟರು ನಿಜ. ನಮ್ಮ ಮನೆಗೂ ತಮಿಳಿನ ವೀಡಿಗೂ ಆ ನಂಟಿಲ್ಲ. ಅಲ್ಲದೆ ನಿಘಂಟಿನ ನೆಂಟಸ್ತನ ಮೆದುಳಿನಲ್ಲೂ ಹಾಗೇ ಇರಬೇಕೆಂದಿಲ್ಲ.

ಕಂಪ್ಯೂಟರಿನ ಮಾದರಿಗೆ ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಬೇರೆಯಿದೆ. ತಲೆಬುರುಡೆ ತೆರೆದು ಒಳಗಿನ ದ್ರವ ಸೋರಿದೊಡನೆ ಮೆದುಳು ಕುಸಿಯುತ್ತದೆ, ಕೆಲವೊಮ್ಮೆ ಒಂದು ಸೆಂಟಿಮೀಟರಿನಷ್ಟು. ಆಗ ನಿನ್ನೆಯ ನಕ್ಷೆ ಇಂದು ಸುಳ್ಳು. ಈ ಕುಸಿತವನ್ನು ಲೆಕ್ಕಹಾಕುವ ಮಾದರಿಗಳೂ ಇವೆ, ಆದರೂ ಕೊನೆಯ ಮಾತು ಅವುಗಳದ್ದಲ್ಲ. ಸ್ಕ್ಯಾನಿನಲ್ಲಿ ಬೆಳಗಿದ ಜಾಗವೆಲ್ಲ ಮಾತಿಗೆ ಅನಿವಾರ್ಯವೂ ಅಲ್ಲ. ಮಾಂಟ್ರಿಯಲ್‌ನಲ್ಲಿ ನರಶಸ್ತ್ರವೈದ್ಯ ಪೆನ್‌ಫೀಲ್ಡ್ ಬೆಳೆಸಿದ, ರೋಗಿಯನ್ನು ಎಚ್ಚರವಾಗಿಟ್ಟು ಪರೀಕ್ಷಿಸುವ ವಿಧಾನ ಇಂದಿಗೂ ನಂಬಲರ್ಹ. ಮನೆಯ ಚಿತ್ರ ತೋರಿಸುತ್ತಾರೆ, ಎಲೆಕ್ಟ್ರೋಡು ಮುಟ್ಟುತ್ತದೆ, ನಾಲಗೆ ತಟ್ಟನೆ ನಿಲ್ಲುತ್ತದೆ: ಅಲ್ಲಿ ಕತ್ತರಿಸಬಾರದು. ಹಾಗಾದರೆ ಕಂಪ್ಯೂಟರು ಏಕೆ? ಎಲ್ಲಿಂದ ಮುಟ್ಟಲು ತೊಡಗಬೇಕೆಂದು ತಿಳಿಯಲು. ಎಚ್ಚರವಾಗಿ ಮಲಗಿದ ರೋಗಿಯ ತಾಳ್ಮೆಗೂ ಮಿತಿಯಿದೆ.

ಕಣಿವೆಯ ಈ ಕನ್ನಡ, ಆಸ್ಪತ್ರೆಯ ಯಾವ ಕಾಗದದಲ್ಲೂ ಇಲ್ಲದಿರಬಹುದು. ಮೆದುಳಿನ ಶಸ್ತ್ರಚಿಕಿತ್ಸೆಯ ಮಾತು ಬಂದರೆ, ಸ್ಕ್ಯಾನಿಗೆ ಮೊದಲೇ ಡಾಕ್ಟರಿಗೆ ಹೇಳಿ: ಮನೆಯಲ್ಲಿ ನಾವು ಆಡುವುದು ಕನ್ನಡ.