ಹೊಸ ಸೂಜಿ ಕೊಟ್ಟರೆ ಚಟಕ್ಕೆ ಕುಮ್ಮಕ್ಕೇ?

ಮಾದಕ ದ್ರವ್ಯವನ್ನು ಸೂಜಿಯಿಂದ ಚುಚ್ಚಿಕೊಳ್ಳುವ ಹುಡುಗನ ಕೈಗೆ ಹೊಸ ಸೂಜಿ ಕೊಡುವುದೇ? "ಅಯ್ಯೋ, ಬುದ್ಧಿ ಹೇಳೋದು ಬಿಟ್ಟು ಇದೇನ್ರೀ!" ಅಂತೀರಿ. ಆದರೆ ನಮ್ಮ ದೇಶದ ಮಣಿಪುರದಲ್ಲಿ 1996ರಲ್ಲಿ ಸರ್ಕಾರವೇ ಇದನ್ನು ತನ್ನ ಏಡ್ಸ್ ನೀತಿಯಲ್ಲಿ ಒಪ್ಪಿಕೊಂಡಿತು. ಹಾಗೇಕೆ ಮಾಡಿತು ಎಂಬುದರಲ್ಲಿ ಹೆಂಗಸರಾದ ನಮಗೂ ತಿಳಿಯಬೇಕಾದ ಸಂಗತಿಗಳಿವೆ.

ಮಣಿಪುರ ಬರ್ಮಾದ ಗಡಿಗೆ ಅಂಟಿಕೊಂಡ ರಾಜ್ಯ. 1980ರ ದಶಕದಲ್ಲಿ ಮೋರೆ ಎಂಬ ಗಡಿ ಊರಿನ ದಾರಿಯಾಗಿ ಹೆರಾಯಿನ್ ಒಳಬಂತು. ಓದುವ ಹುಡುಗರು, ಒಳ್ಳೆಯ ಮನೆತನದವರು ಕೂಡ ಅದಕ್ಕೆ ಬಿದ್ದರು. ಜೇಬಿನಲ್ಲಿ ಸಿರಿಂಜ್ ಸಿಕ್ಕರೆ ಪೊಲೀಸರ ಭಯ. ಹಾಗಾಗಿ ಎಲ್ಲೋ ಬಚ್ಚಿಟ್ಟ ಒಂದೇ ಸೂಜಿ ನಾಲ್ಕಾರು ಜನರ ಕೈಯಲ್ಲಿ ತಿರುಗುತ್ತಿತ್ತು.

ಉಪ್ಪಿನಕಾಯಿ ಜಾಡಿಗೆ ಒಬ್ಬರು ಎಂಜಲು ಚಮಚ ಹಾಕಿದರೆ ಏನಾಗುತ್ತದೆಂದು ನಮಗೆ ಹೇಳಿಕೊಡಬೇಕೇ? ಇಲ್ಲಿಯೂ ಅದೇ. ಚುಚ್ಚಿಕೊಳ್ಳುವಾಗ ಒಂದಿಷ್ಟು ರಕ್ತ ಸಿರಿಂಜಿನೊಳಗೆ ಬಂದು ಉಳಿಯುತ್ತದೆ, ಅದು ಮುಂದಿನವನ ರಕ್ತನಾಳಕ್ಕೆ ನೇರ ಇಳಿಯುತ್ತದೆ. ಹಿಂದೆ ಊರಿನ ಡಾಕ್ಟರು ಸ್ಟೀಲ್ ಡಬ್ಬಿಯಲ್ಲಿ ಸೂಜಿ ಕುದಿಸುತ್ತಿದ್ದುದು ಸುಮ್ಮನೆ ಅಲ್ಲ. ಮಣಿಪುರದಲ್ಲಿ 1989ರ ಸೆಪ್ಟೆಂಬರ್‌ವರೆಗೆ ಈ ಹುಡುಗರ ರಕ್ತದಲ್ಲಿ ಎಚ್‌ಐವಿ ಕಂಡಿರಲಿಲ್ಲ. ಆರೇ ತಿಂಗಳು ಕಳೆಯುವಷ್ಟರಲ್ಲಿ ಪರೀಕ್ಷೆ ಮಾಡಿಸಿಕೊಂಡವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಸೋಂಕಿತ್ತು!

ಸೂಜಿಯನ್ನು ಕಣ್ಣಲ್ಲೂ ನೋಡದ ಹೆಂಡತಿಯರ ಗತಿ ಏನು? ಸೋಂಕು ತಗುಲಿದ ಇಂಥ ಗಂಡಂದಿರ ಹೆಂಡತಿಯರನ್ನು 1990ರ ದಶಕದ ಕೊನೆಯ ಭಾಗದಲ್ಲಿ ಪರೀಕ್ಷಿಸಿದಾಗ ನೂರಕ್ಕೆ ಸುಮಾರು 45 ಮಂದಿಗೆ ಎಚ್‌ಐವಿ ಅಂಟಿತ್ತು. ಗಂಡನ ಚಟವೇ ಗೊತ್ತಿಲ್ಲದ ಹೆಣ್ಣು ಯಾವುದಕ್ಕೆ ಅಂತ ಎಚ್ಚರದಿಂದಿರಬೇಕು, ಹೇಳಿ.

ಮಣಿಪುರದ ಹೆಂಗಸರು ಸುಮ್ಮನೆ ಕೂರುವವರಲ್ಲ. 1970ರ ದಶಕದಲ್ಲೇ ಕುಡಿತದ ವಿರುದ್ಧ ರಾತ್ರಿ ಕಾವಲಿಗೆ ಹೊರಟವರು, ಆಮೇಲೆ ಪಂಜು ಹಿಡಿದು ನಿಂತ 'ಮೈರಾ ಪೈಬಿ'ಗಳು. ಅಂಥ ನಾಡಿನಲ್ಲಿ 'ಸೂಜಿ ಕೊಡಿ' ಎಂಬ ಮಾತು ಗಂಟಲಲ್ಲಿ ಇಳಿಯುವುದು ಸುಲಭವೇ? ಆದರೆ ಲೆಕ್ಕ ಸರಳ. ಚಟ ಬಿಡಲು ವರ್ಷಗಳೇ ಹಿಡಿಯಬಹುದು, ಸೋಂಕು ತಗುಲಲು ಒಂದು ಸಲ ಸಾಕು. ಬಿಡುವ ದಿನ ಬರುವವರೆಗೆ ಹುಡುಗ ಬದುಕಿರಬೇಕಲ್ಲ!

ಹಳೆಯ ಸೂಜಿ ತಂದುಕೊಟ್ಟು ಹೊಸದು ಒಯ್ಯುವ ಏರ್ಪಾಡು ಇದು. ಕೊಡುವವರಲ್ಲಿ ಒಂದು ಕಾಲಕ್ಕೆ ತಾವೇ ಚಟದಲ್ಲಿದ್ದವರೂ ಇರುತ್ತಾರೆ, ಬೈಯುವುದಿಲ್ಲ. ಬೈಯದ ಕಡೆಗೆ ಹುಡುಗ ಮತ್ತೆ ಬರುತ್ತಾನೆ. ಬಂದಾಗ ರಕ್ತ ಪರೀಕ್ಷೆಯ ಮಾತು, ನಾಲಿಗೆಯಡಿ ಇಟ್ಟುಕೊಳ್ಳುವ ಬುಪ್ರಿನಾರ್ಫಿನ್ ಮಾತ್ರೆಯ ಮಾತು ಆಗುತ್ತದೆ. ನರ್ಸ್ ಎದುರಿನಲ್ಲೇ ದಿನಾ ಈ ಮಾತ್ರೆ ತಗೊಂಡರೆ ಹೆರಾಯಿನ್ನಿನ ಹಾತೊರೆತ ತಗ್ಗುತ್ತದೆ, ಸೂಜಿಯ ಗೋಜು ತಪ್ಪುತ್ತದೆ. ಇದನ್ನು ಕುಮ್ಮಕ್ಕು ಅನ್ನಲು ನನಗಂತೂ ಮನಸ್ಸು ಬಾರದು.

ಇನ್ನೊಂದು ಶತ್ರು ಹೆಪಟೈಟಿಸ್ ಸಿ, ಅಂದರೆ ಯಕೃತ್ತಿನ ಸೋಂಕು. ಇದು ಸೂಜಿಯಿಂದಷ್ಟೇ ಅಲ್ಲ, ಮದ್ದು ಕಲಸುವ ಚಮಚ, ನೀರು, ಹತ್ತಿಯನ್ನು ಹಂಚಿಕೊಂಡರೂ ಬರುತ್ತದೆ. ವರ್ಷಗಟ್ಟಲೆ ಸದ್ದಿಲ್ಲದೆ ಇರುತ್ತದೆ. ಇದಕ್ಕೆ ಲಸಿಕೆ ಇಲ್ಲ, ಆದರೆ ಬಹುಪಾಲು ಜನರಿಗೆ ಹನ್ನೆರಡು ವಾರದ ಮಾತ್ರೆಯಲ್ಲೇ ವಾಸಿಯಾಗುತ್ತದೆ. 2018ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಗಳಲ್ಲಿ ಇದು ಉಚಿತ. ಹೆಪಟೈಟಿಸ್ ಬಿಗೆ ಲಸಿಕೆಯೇ ಇದೆ. ಮನೆಯಲ್ಲಿ ಯಾರಿಗಾದರೂ ಆ ಸೋಂಕಿದ್ದರೆ ಹೆಂಡತಿ, ಮಕ್ಕಳು ತಪ್ಪದೆ ಹಾಕಿಸಿಕೊಳ್ಳಬೇಕು.

ಗಂಡ ಅಥವಾ ಮಗನ ಬಗ್ಗೆ ಅನುಮಾನವಿದ್ದು ಯಾರನ್ನು ಕೇಳಬೇಕೋ ತಿಳಿಯದಿದ್ದರೆ 1097ಕ್ಕೆ ಫೋನ್ ಮಾಡಿ, ಕರೆ ಉಚಿತ. ಎಚ್‌ಐವಿ ಪರೀಕ್ಷೆ ಸರ್ಕಾರಿ ಕೇಂದ್ರಗಳಲ್ಲಿ ಪುಕ್ಕಟೆ, ಫಲಿತಾಂಶ ಗುಟ್ಟಾಗಿರುತ್ತದೆ. ಬಸುರಿಯಾಗಿದ್ದರೆ ಇನ್ನೂ ಬೇಗ ಮಾಡಿಸಿ: ಮೊದಲೇ ತಿಳಿದು ಔಷಧಿ ಶುರುಮಾಡಿದರೆ ಮಗುವಿಗೆ ಸೋಂಕು ಹತ್ತದಂತೆ ಬಹುಮಟ್ಟಿಗೆ ತಡೆಯಬಹುದು.